ಶ್ರಾವಣದ ಡಬ್ಬಿ ಮೀನು

ಡಬ್ಬಿ ಮೀನಿನ ಮುಚ್ಚಳಕ್ಕೆ ಬೆರಳು ಹಾಕುವ ಮುಂಚೆ ನಾನು ಡಬ್ಬಿಯನ್ನು ತಿರುಗಿಸಿ ತಳ ನೋಡುತ್ತೇನೆ. ಆಮೇಲೆ ಅಂಚಿನ ಸುತ್ತ ಹೆಬ್ಬೆರಳು ಆಡಿಸುತ್ತೇನೆ. ಎಲ್ಲಾದರೂ ತಗ್ಗು ಸಿಕ್ಕರೆ ಆ ಡಬ್ಬಿಯ ಕತೆ ಅಲ್ಲಿಗೆ ಮುಗಿಯಿತು. ಹೋದ ಭಾನುವಾರವೂ ಹಾಗೇ ಮಾಡುತ್ತಿದ್ದೆ. ಮಗಳು ಸಿರಿಗೆ ಈಗ ಆರು ವರ್ಷ. ಅಡುಗೆಮನೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವಳು, "ಅಪ್ಪಾ, ಡಬ್ಬಿಗೆ ಜ್ವರ ಬಂದೈತಾ?" ಅಂದಳು.

ನಗು ಬಂತು. ಆದರೆ ಮುಚ್ಚಳ ಎಳೆದ ಕೂಡಲೇ ಎಣ್ಣೆ, ಉಪ್ಪು, ಮೀನು ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ಸಿರಿ ಇನ್ನೂ ಹುಟ್ಟದೆ ಇದ್ದ ಆ ಶ್ರಾವಣವನ್ನು ನಾನು ಮರೆತಿಲ್ಲ. ಮರೆಯೋಣ ಅಂದರೂ ಈ ವಾಸನೆ ಬಿಡುವುದಿಲ್ಲ.

ನನ್ನದು ಮೊದಲಿನಿಂದಲೂ ಪುಕ್ಕಲು ಜೀವ. ಹಸು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರಿಗೆ ಫೋನು ಮಾಡುವವನು. ಅಂಥವನಿಗೆ ಆ ವರ್ಷ ದೊಡ್ಡಬಳ್ಳಾಪುರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಡಾಕ್ಟರಮ್ಮ, "ಮಗು ತಿಂಗಳಿಗೆ ತಕ್ಕ ಹಾಗೆ ಬೆಳೆದಿಲ್ಲ," ಅಂದರು. ಪುಷ್ಪಳಿಗೆ ಆಗ ತಾನೇ ಏಳನೇ ತಿಂಗಳು ಬಿದ್ದಿತ್ತು. ನನ್ನ ಹೆಂಡತಿ ಮೊದಲೇ ಕಡ್ಡಿ. ಆ ಹೊತ್ತಿಗೆ ಮುಖದಲ್ಲಿ ಬರೀ ಕಣ್ಣು ಉಳಿದಿದ್ದವು. ಅನ್ನದ ಗಂಜಿ ಬಿಟ್ಟರೆ ಏನೂ ನಿಲ್ಲುತ್ತಿರಲಿಲ್ಲ. ಮೊಟ್ಟೆ ಒಡೆದ ವಾಸನೆಗೇ ಓಡುತ್ತಿದ್ದಳು. ಕಾಳು ತಿಂದರೆ ಹೊಟ್ಟೆ ಉಬ್ಬರ, ಹಾಲು ಕುಡಿದರೆ ಅರ್ಧ ಗಂಟೆಗೆ ವಾಪಸು.

"ಏನು ಸೇರುತ್ತೋ ಅದನ್ನ ಕೊಡಿ. ಮೊಟ್ಟೆ, ಮೀನು, ಬೇಳೆ, ಯಾವುದಾದ್ರೂ ಸರಿ, ಶಕ್ತಿ ಇರೋದು ಹೊಟ್ಟೆಗೆ ಹೋಗ್ಬೇಕು. ಮೂರು ವಾರಕ್ಕೆ ಮತ್ತೆ ನೋಡೋಣ. ಆಗಲೂ ಹೀಗೇ ಇದ್ರೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ, ಬೇಗ ಹೆರಿಗೆ ಮಾಡಿಸ್ಬೇಕಾಗ್ಬಹುದು," ಅಂದರು ಡಾಕ್ಟರಮ್ಮ.

ಬೇಗ ಅನ್ನುವ ಮಾತು ಕೇಳಿ ಪುಷ್ಪ ನನ್ನ ಮುಖ ನೋಡಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಮೊದಲ ಮಗು ಹಾಗೇ ಬೇಗ ಬಂದು, ಒಂದು ದಿನ ಇದ್ದು ಹೋಗಿತ್ತು. ಗಾಡಿಯಲ್ಲಿ ನಮ್ಮೂರು ಸಾಸಲು ಕಡೆಗೆ ವಾಪಸು ಬರುವಾಗ ಸೋನೆ ಹಿಡಿದಿತ್ತು. ದಾರಿಯ ಎರಡೂ ಬದಿಗೆ ರಾಗಿ ಪೈರು ಆಗ ತಾನೇ ಎರಡೆರಡು ಎಲೆ ಬಿಟ್ಟಿದ್ದವು. ಅವೂ ಈ ವರ್ಷ ಬಡಕಲು ಅನ್ನಿಸಿತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಅಳಲಿಲ್ಲ. ಕೈಕಾಲು ತೊಳೆದುಕೊಂಡು ದೇವರ ಮುಂದೆ ನಿಂತು, ಕಡ್ಡಿ ಕರ್ಪೂರ ಹಚ್ಚಿ ಹರಕೆ ಹೊತ್ತಳು. ಬರುವ ಶ್ರಾವಣ ಪೂರ್ತಿ ಬಾಡು, ಮೊಟ್ಟೆ, ಮೀನು ಹೊಸಿಲು ದಾಟಬಾರದು. ಶನಿವಾರ ಒಪ್ಪತ್ತು. ನಾಮ ಇಟ್ಟುಕೊಂಡು ಐದು ಮನೆ ಪಡಿ ಬೇಡಿ, ಆ ಅಕ್ಕಿಯ ಅನ್ನ ಮಾಡಿ ತಿಮ್ಮಪ್ಪನಿಗೆ ತಳಿಗೆಯ ಎಡೆ. ಮೀನು ಅಂದರೆ ಜೀವ ಬಿಡುವ ಹೆಂಗಸು ಅವಳು. ಊರ ಕೆರೆಗೆ ಬಲೆ ಬಿಟ್ಟ ದಿನ ಮೊದಲು ಪಾತ್ರೆ ಹಿಡಿದು ನಿಲ್ಲುತ್ತಿದ್ದವಳು ಅಮ್ಮನೇ. ಮುದ್ದೆಗೆ ಮೀನಿನ ಸಾರಿದ್ದರೆ ಇನ್ನರ್ಧ ಮುದ್ದೆ ಹೆಚ್ಚು. ಶ್ರಾವಣ ಶುರುವಾಗಲು ಎರಡೇ ದಿನ ಇತ್ತು.

ಡಾಕ್ಟರಮ್ಮ ಮೀನು ಮೊಟ್ಟೆ ಅಂದಿದ್ದನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಹೇಳಬೇಕಿತ್ತು. ಹರಕೆ ಹೊತ್ತ ಮುಖ ನೋಡಿ ನಾಲಿಗೆ ಏಳಲಿಲ್ಲ.

ಆಗ ನಾನು ದಾಬಸ್‌ಪೇಟೆಯ ಒಂದು ಗೋಡೌನಿನಲ್ಲಿ ಕೆಲಸಕ್ಕಿದ್ದೆ. ದಿನಸಿ, ಸೋಪು, ಬಿಸ್ಕತ್ತು ಎಲ್ಲ ಬಂದು ಇಳಿದು, ಮತ್ತೆ ಲಾರಿ ಹತ್ತಿ ಬೆಂಗಳೂರಿಗೆ ಹೋಗುವ ಜಾಗ. ಬೆಳಿಗ್ಗೆ ಆರರಿಂದ ಎರಡರವರೆಗೆ ಶಿಫ್ಟು. ಅಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಅಂತೋಣಿ ಅಣ್ಣ ಕೆಜಿಎಫ್ ಕಡೆಯವನು, ನನಗಿಂತ ಹದಿನೈದು ವರ್ಷ ದೊಡ್ಡವನು, ದಾಬಸ್‌ಪೇಟೆಯಲ್ಲೇ ಒಂದು ರೂಮು ಮಾಡಿಕೊಂಡಿದ್ದ. ಊಟದ ಹೊತ್ತಿನಲ್ಲಿ ನಾನು ಡಬ್ಬಿ ಬಿಚ್ಚದೆ ಕೂತಿದ್ದನ್ನು ನೋಡಿ ವಿಚಾರಿಸಿದ. ಎಲ್ಲ ಹೇಳಿಕೊಂಡೆ.

"ಇಷ್ಟಕ್ಕಾ ಗುರು ಮುಖ ಇಳಿಬಿಟ್ಕೊಂಡಿರೋದು? ನಮ್ಮಮ್ಮ ಟಿನ್ ಮೀನಲ್ಲಿ ಕಟ್ಲೆಟ್ ಮಾಡೋರು. ಹಸಿ ಮೀನಿನ ವಾಸ್ನೆ ಇರಲ್ಲ, ಮುಳ್ಳು ಬೆಣ್ಣೆ ಥರ ಮೆತ್ತಗಿರ್ತದೆ, ಅದೂ ಮಗು ಮೂಳೆಗೆ ಒಳ್ಳೇದು. ಜ್ವರ ಬಂದೋರು, ಬಾಣಂತಿ, ಎಲ್ಲರಿಗೂ ಅದೇ. ಬಾ ನನ್ ರೂಮಿಗೆ."

"ಮನೇಲಿ ಶ್ರಾವಣ ಅಣ್ಣ."

"ಮನೇಲಿ ತಾನೆ? ನನ್ ರೂಮಲ್ಲಿ ಯಾವ ಶ್ರಾವಣ?"

ಆ ಮಾತು ನನಗೆ ಬೇಕಾಗಿತ್ತು ಅಂತ ಕಾಣುತ್ತದೆ, ಹಿಡಿದುಕೊಂಡುಬಿಟ್ಟೆ. ನಮ್ಮ ಒಲೆಯ ಮೇಲೆ ಬೇಯುವುದಿಲ್ಲ, ನಮ್ಮ ಪಾತ್ರೆಗೆ ತಾಗುವುದಿಲ್ಲ, ಬೇರೆ ಡಬ್ಬಿಯಲ್ಲಿ ಬಂದು ಪುಷ್ಪಳ ಹೊಟ್ಟೆಗೆ ಹೋಗುತ್ತದೆ. ಹೊಸಿಲು ದಾಟುತ್ತದಲ್ಲ ಅನ್ನುವ ಮಾತನ್ನು ನಾನು ನನಗೇ ಕೇಳಿಕೊಳ್ಳಲಿಲ್ಲ.

ಎರಡು ಗಂಟೆಗೆ ಶಿಫ್ಟು ಮುಗಿದ ಮೇಲೆ ಅವನ ರೂಮಿನಲ್ಲಿ ಕಲಿತೆ. ಬೂತಾಯಿ ಮೀನಿನ ಡಬ್ಬಿ ಒಡೆದು ಎಣ್ಣೆ ಬಸಿದು, ಮೀನನ್ನು ಕೈಯಲ್ಲೇ ಪುಡಿ ಮಾಡುವುದು. ಬೇಯಿಸಿದ ಆಲೂಗಡ್ಡೆ ಎರಡು, ಸಣ್ಣಗೆ ಹೆಚ್ಚಿದ ಈರುಳ್ಳಿ, ಶುಂಠಿ, ಒಂದೇ ಒಂದು ಹಸಿಮೆಣಸಿನಕಾಯಿ. ಉಪ್ಪು ಡಬ್ಬಿಯಲ್ಲೇ ಇರುತ್ತದೆ, ಕೈ ಬಿಗಿ ಹಿಡಿಯಬೇಕು. ಅಂತೋಣಿ ಅಣ್ಣ ಬ್ರೆಡ್ಡಿನ ಪುಡಿ ಹಾಕುತ್ತಿದ್ದ. ನಾನು ಮನೆಯಿಂದ ಹುರಿದ ರಾಗಿ ಹಿಟ್ಟು ಒಯ್ದೆ. ಪುಷ್ಪಳಿಗೆ ಸಬ್ಬಸಿಗೆ ಸೊಪ್ಪು ಇಷ್ಟ ಅಂತ ಒಂದು ಹಿಡಿ ಅದು, ಮೇಲೆ ಅರ್ಧ ನಿಂಬೆಹಣ್ಣು. ಅಂಗೈಯಲ್ಲಿ ತಟ್ಟಿ, ದೋಸೆ ಹೆಂಚಿಗೆ ಎರಡು ಚಮಚ ಎಣ್ಣೆ ಬಿಟ್ಟು, ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಕೆಂಪಗೆ ಮಾಡುವುದು. ಬೇಗ ಮಗುಚಿದರೆ ಒಡೆಯುತ್ತದೆ. ಕಲಿಯುವ ದಿನ ನಾನು ಮಾಡಿದವೆಲ್ಲ ಒಡೆದವು.

"ನಿನ್ ಥರಾನೇ ಅವೆ, ಎಲ್ಲಾದಕ್ಕೂ ಅವಸರ," ಅಂದ ಅಂತೋಣಿ ಅಣ್ಣ. ಆಮೇಲೆ ದನಿ ತಗ್ಗಿಸಿ ಒಂದು ಮಾತು ಹೇಳಿದ. "ಡಬ್ಬಿ ತಗೊಳ್ಳುವಾಗ ನೋಡ್ಕೊ. ಉಬ್ಬಿದ್ದು ಬೇಡ, ಅಂಚಲ್ಲಿ ಪೆಟ್ಟು ಬಿದ್ದಿದ್ದೂ ಬೇಡ. ಒಳಗೆ ಗಾಳಿ ಹೋದ್ರೆ ವಿಷ. ಬಸ್ರಿ ಹೆಂಗ್ಸು, ಹುಷಾರು."

ನನಗೆ ಹೆದರಲು ಇಷ್ಟು ಸಾಕಾಗಿತ್ತು.

ಪುಷ್ಪಳಿಗೆ ಹಿತ್ತಲಲ್ಲಿ ಗುಟ್ಟಾಗಿ ಹೇಳಿದೆ. "ಅತ್ತೆಗೆ ಹೇಳ್ಬಿಟ್ಟು ಕೊಡ್ರೀ, ಪಾಪ, ನನಗೋಸ್ಕರ ಹರಕೆ ಹೊತ್ತವ್ರೆ," ಅಂದಳು. "ಸ್ಕ್ಯಾನಿಂಗ್ ಆಗ್ಲಿ, ಹೇಳೋಣ," ಅಂದೆ. ಅವಳಿಗೆ ಜಗಳವಾಡುವ ಶಕ್ತಿ ಇರಲಿಲ್ಲ.

ಕಟ್ಲೆಟ್ ತಂದ ಮೊದಲ ದಿನ ಮನೆಗೆ ಬಂದಾಗ ಅಮ್ಮ ಜಗುಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದಳು. ನನ್ನ ಬ್ಯಾಗನ್ನು ಎಂದಿನ ಹಾಗೆ ಅವಳೇ ಇಸಿದುಕೊಂಡಳು.

"ಏನ್ಲಾ ಇದು?"

"ಆಲೂಗಡ್ಡೆ ವಡೆ ಅಮ್ಮ. ಸ್ನೇಹಿತನ ಮನೇಲಿ ಮಾಡ್ಸಿದೀನಿ. ಪುಷ್ಪಂಗೆ ಸೇರ್ತದೇನೋ ಅಂತ."

ಅಮ್ಮ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಆರು ಇದ್ದವು. ಒಂದನ್ನು ಎತ್ತಿಕೊಂಡು, ನಾನು ಬೇಡ ಅನ್ನುವಷ್ಟರಲ್ಲಿ ಬಾಯಿಗೆ ಹಾಕಿಕೊಂಡಳು. ಅಮ್ಮ ನಿಧಾನವಾಗಿ ಅಗಿದು ನುಂಗಿ, "ಚೆನ್ನಾಗೈತೆ. ನೀನು ಡೈರಿಗೆ ಹಾಲು ಹಾಕ್ಬಿಟ್ಟು ಬಾ. ದೀಪ ಹಚ್ಚಿದ್ ಮೇಲೆ ಬಿಸಿ ಮಾಡಿ ಅವಳಿಗೆ ಕೊಡ್ತೀನಿ," ಅಂದಳು.

ಬಾಯಿ ಬಿಟ್ಟು ಹೇಳಿಬಿಡಬೇಕಿತ್ತು. ಹೇಳಿದರೆ ಹರಕೆ ಕೆಟ್ಟಿತು ಅಂತ ಅಮ್ಮ ಕುಸಿಯುತ್ತಾಳೆ, ಪುಷ್ಪ ಅಳುತ್ತಾಳೆ, ನಾಳೆಯಿಂದ ಇದೂ ಇಲ್ಲ. ಕ್ಯಾನು ಎತ್ತಿಕೊಂಡು ಡೈರಿಗೆ ಹೋದೆ. ಆ ಸಂಜೆ ಪುಷ್ಪ ಎರಡು ತಿಂದಳು. ವಾಂತಿ ಆಗಲಿಲ್ಲ. ಮಾರನೆಯ ದಿನ ಮೂರು.

ಸಂತೋಷ ಪಡಬೇಕಿತ್ತು. ಆದರೆ ಅಮ್ಮ ದಿನಾ ಒಂದನ್ನು ಎತ್ತಿಕೊಳ್ಳತೊಡಗಿದಳು. ನಾನು ಬಂದ ಕೂಡಲೇ ಡಬ್ಬಿ ಇಸಿದುಕೊಳ್ಳುವುದು, ಒಂದು ತಿನ್ನುವುದು, ಮಿಕ್ಕಿದ್ದನ್ನು ಗೂಡಿನಲ್ಲಿಟ್ಟು ದೀಪ ಹಚ್ಚುವವರೆಗೆ ಹಾಗೇ ಬಿಡುವುದು. ಬಿಸಿಯಾಗಿರುವಾಗಲೇ ಪುಷ್ಪ ತಿನ್ನಲಿ ಅಂತ ನಾನು ಗಾಡಿ ಓಡಿಸಿಕೊಂಡು ಬಂದಿರುತ್ತಿದ್ದೆ. ಒಂದು ದಿನ ರೇಗಿಯೇಬಿಟ್ಟೆ.

"ಈಗ್ಲೇ ಕೊಡಬಾರ್ದಾ ಅಮ್ಮ?"

"ನಂಗೊತ್ತು ಕಣಪ್ಪ ಯಾವಾಗ ಕೊಡ್ಬೇಕು ಅಂತ," ಅಂದಳು, ಅಷ್ಟೇ.

ನನ್ನ ತಲೆಗೆ ಕೆಟ್ಟ ಯೋಚನೆಯೂ ಬಂತು, ಒಪ್ಪಿಕೊಳ್ಳುತ್ತೇನೆ. ಬಸುರಿಯ ಪಾಲಿಗೂ ಆಸೆಪಡುತ್ತಾಳಲ್ಲ, ವಯಸ್ಸಾದ ಮೇಲೆ ನಾಲಿಗೆ ಚಪಲ ಹೀಗಾಗುತ್ತದಾ ಅಂದುಕೊಂಡೆ. ಅಂತೋಣಿ ಅಣ್ಣನಿಗೆ ಹೇಳಿದರೆ ನಕ್ಕು, "ಹಂಗಾದ್ರೆ ಏಳು ಮಾಡು," ಅಂದ. ಅಂದಿನಿಂದ ಏಳು ಮಾಡಿದೆ. ಏಳನೆಯದು ಅಮ್ಮನ ಪಾಲು.

ಶನಿವಾರ ಬಂತು. ಅಮ್ಮ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ನಾಮ ಇಟ್ಟುಕೊಂಡು, ಕಂಚಿನ ಚೊಂಬು ಹಿಡಿದು ಗೋವಿಂದ ಅನ್ನುತ್ತಾ ಐದು ಮನೆ ಪಡಿ ಬೇಡಿ ಬಂದಳಂತೆ. ಅವತ್ತು ಮುಟ್ಟಲಾರಳು ಅಂದುಕೊಂಡು ಸ್ವಲ್ಪ ನೆಮ್ಮದಿಯಿಂದ ಬಂದೆ. ಅಮ್ಮ ಒಪ್ಪತ್ತು ಮುಗಿಸಿರಲಿಲ್ಲ. ಹಣೆಯ ಮೇಲೆ ನಾಮ ಹಾಗೇ ಇತ್ತು. ಡಬ್ಬಿ ತೆಗೆದಳು, ಒಂದನ್ನು ಎತ್ತಿಕೊಂಡಳು.

"ಅಮ್ಮ, ಇವತ್ತು ಶನಿವಾರ," ಅಂದೆ.

"ಆಲೂಗಡ್ಡೆ ತಾನೆ?" ಅಂದಳು ನನ್ನ ಕಣ್ಣು ನೋಡಿ.

"ಹೂಂ."

ತಿಂದಳು. ನಾನು ಹಿತ್ತಲಿಗೆ ಹೋಗಿ ಹಸುವಿನ ಪಕ್ಕ ನಿಂತುಕೊಂಡೆ. ನಾನು ಅಂಥ ದೊಡ್ಡ ಭಕ್ತನಲ್ಲ. ಆದರೂ ಮೂರು ವಾರ ಕಳೆದು ಸ್ಕ್ಯಾನಿಂಗಿನಲ್ಲಿ ಮಗು ಹಾಗೇ ಇದ್ದರೆ ಅದಕ್ಕೆ ಕಾರಣ ನಾನು, ಅಮ್ಮನ ಉಪವಾಸದ ಬಾಯಿಗೆ ಮೀನು ಹಾಕಿದವನು, ಅನ್ನುವ ಹೆದರಿಕೆ ಎದೆಯ ಮೇಲೆ ಕೂತಿತು. ಅಲ್ಲಿಂದ ಎದ್ದು ಹೋಗಲೇ ಇಲ್ಲ. ಗೋಡೌನಿನಲ್ಲಿ ಲೆಕ್ಕ ತಪ್ಪಿ ಬೈಸಿಕೊಂಡೆ. ಗಾಡಿ ಓಡಿಸುತ್ತಾ ತಿಮ್ಮಪ್ಪನಿಗೆ ಸಮಜಾಯಿಷಿ ಕೊಡುತ್ತಿದ್ದೆ.

ಮೂರನೆಯ ವಾರ, ಸ್ಕ್ಯಾನಿಂಗಿಗೆ ನಾಲ್ಕು ದಿನ ಇದ್ದಾಗ ಅದು ನಡೆಯಿತು. ಜಡಿಮಳೆ. ಸಂಜೆ ಡೈರಿಯಲ್ಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದೆ. ಅಂತೋಣಿ ಅಣ್ಣನ ಫೋನು ಬಂತು.

"ನಾಗ್ರಾಜು, ಕಸ ಹಾಕಕ್ಕೆ ಹೋಗಿದ್ದೆ ಕಣೋ. ಇವತ್ತು ಒಡೆದ್ಯಲ್ಲ ಡಬ್ಬಿ, ತಳದ ಅಂಚಲ್ಲಿ ಪೆಟ್ಟು ಬಿದ್ದದೆ. ಅವಸರದಲ್ಲಿ ನಾನೂ ನೋಡ್ಲಿಲ್ಲ. ತಂಗಿ ತಿಂದ್ಬಿಟ್ಳಾ?"

ಕ್ಯಾನನ್ನು ಅಲ್ಲೇ ಬಿಟ್ಟು ಓಡಿದೆ. ಡೈರಿಯಿಂದ ಮನೆಗೆ ಮೂರು ನಿಮಿಷದ ದಾರಿ. ಕೆಸರಿನಲ್ಲಿ ಒಂದು ಚಪ್ಪಲಿ ಉಳಿಯಿತು. ಅಷ್ಟು ಹೊತ್ತಿಗೆ ಅಮ್ಮ ದೀಪ ಹಚ್ಚಿರುತ್ತಾಳೆ, ಬಿಸಿ ಮಾಡಿರುತ್ತಾಳೆ, ಪುಷ್ಪ ತಿಂದಿರುತ್ತಾಳೆ. ಹೊಟ್ಟೆಯಲ್ಲಿದ್ದ ಮಗುವಿನ ಮುಖ ಹೇಗಿರುತ್ತದೋ ಗೊತ್ತಿಲ್ಲ, ಆದರೆ ಹೋದ ಮಗುವಿನ ಮುಖ ಗೊತ್ತಿತ್ತು. ಓಡುವಾಗ ಅದೇ ಕಾಣುತ್ತಿತ್ತು.

ಅಮ್ಮ ಗೂಡಿನ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ದೀಪ ಉರಿಯುತ್ತಿತ್ತು.

"ಪುಷ್ಪ ತಿಂದ್ಳಾ?"

"ಇಲ್ಲ, ಇನ್ನೊಂದು ಸ್ವಲ್ಪ ಹೊತ್ತಾಗ್ಲಿ ಅಂತ ಇಟ್ಟಿದೀನಿ. ಯಾಕ್ಲಾ, ಒಂದು ಚಪ್ಪಲೀಲಿ ಬಂದಿದೀಯ?"

ಡಬ್ಬಿ ಎತ್ತಿ ಮುಚ್ಚಳ ತೆಗೆದೆ. ಆರು ಇದ್ದವು. ಏಳನೆಯದು ಇರಲಿಲ್ಲ.

"ಹಳಸೈತೆ ಅಮ್ಮ," ಅಂದವನೇ ಹಿತ್ತಲಿಗೆ ಹೋಗಿ, ನಾಯಿಗೂ ಸಿಗದ ಹಾಗೆ ತಿಪ್ಪೆಯಲ್ಲಿ ಗುಂಡಿ ತೋಡಿ ಹೂತೆ. ವಾಪಸು ಬಂದಾಗ ಅಮ್ಮ ಕೂತಲ್ಲೇ ಇದ್ದಳು.

"ನಾನ್ ತಿಂದ್ನಲ್ಲ, ಚೆನ್ನಾಗೇ ಇತ್ತು," ಅಂದಳು ಮೆಲ್ಲಗೆ.

ಅವಳಿಗೆ ಏನು ಹೇಳುವುದು? ವಿಷ ಇರಬಹುದು ಅಂತಲೋ, ಮೀನು ಅಂತಲೋ? "ಹೊಟ್ಟೆ ನೋಯ್ತಾ ಇದೆಯಾ? ತಲೆ ತಿರುಗ್ತಿದೆಯಾ? ಆಸ್ಪತ್ರೆಗೆ ಹೋಗೋಣ ಬಾ," ಅಂತ ಗೋಗರೆದೆ. "ನಿಂಗೇನಾಗೈತೆ ಇವತ್ತು, ನಾನ್ ಚೆನ್ನಾಗೇ ಇದೀನಿ ಹೋಗು, ಕ್ಯಾನು ತಗೊಂಬಾ," ಅಂತ ಗದರಿಸಿದಳು. ಅಂತೋಣಿ ಅಣ್ಣ ಫೋನಿನಲ್ಲಿ, "ಒಂದು ದಿನ ಕಣ್ಣಿಟ್ಟು ನೋಡ್ಕೊ, ಕಣ್ಣು ಮಂಜಾದ್ರೆ, ಮಾತು ತೊದಲಿದ್ರೆ ಒಂದು ಗಳಿಗೆ ಕಾಯ್ಬೇಡ," ಅಂದ. ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಅಮ್ಮ ಸಗಣಿ ಬಾಚುವ ಪರಪರ ಸದ್ದು, ಹಸುವಿಗೆ ಬೈಯುವ ಸ್ಪಷ್ಟ ಮಾತು ಕೇಳಿಸಿದಾಗ ನಾನು ಹಾಸಿಗೆಯಲ್ಲಿ ಎದ್ದು ಕೂತು ಅತ್ತೆ. ಅವತ್ತು ಕೆಲಸಕ್ಕೆ ಹೋಗಲಿಲ್ಲ.

ಸ್ಕ್ಯಾನಿಂಗಿನ ದಿನ ಡಾಕ್ಟರಮ್ಮ ಬಹಳ ಹೊತ್ತು ಪರದೆ ನೋಡಿದರು. ನಾನು ಅವರ ಹುಬ್ಬು ನೋಡುತ್ತಿದ್ದೆ. ಕೊನೆಗೆ, "ಪರವಾಗಿಲ್ಲ ಕಣ್ರೀ, ಬೆಳೆದಿದೆ. ಬೆಂಗಳೂರು ಬೇಡ. ಏನು ಕೊಡ್ತಿದ್ರೋ ಅದನ್ನೇ ಮುಂದುವರಿಸಿ," ಅಂದರು. ಮೀನೋ, ಹಾಲೋ, ತಿಮ್ಮಪ್ಪನೋ, ಬೆಳೆಯುವ ಮಗು ತಾನಾಗಿ ಬೆಳೆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ದಸರೆ ಕಳೆದ ಮೇಲೆ, ತಿಂಗಳು ತುಂಬಿ ಸಿರಿ ಹುಟ್ಟಿದಳು. ಜೋರಾಗಿ ಅತ್ತಳು. ಆ ಸಂಭ್ರಮದಲ್ಲಿ ಅಮ್ಮನಿಗೆ ಹೇಳಬೇಕಾದ ಮಾತು ಹಿಂದೆ ಸರಿಯಿತು. ಆಮೇಲೆ ನಾಳೆ ನಾಳೆ ಅನ್ನುತ್ತಾ ವರ್ಷಗಳೇ ಹೋದವು.

ಒಂದು ವಿಷಯ ಮಾತ್ರ ಗಮನಿಸಿದ್ದೆ. ಆ ವರ್ಷ ಹಿರಿಯರ ಹಬ್ಬಕ್ಕೆ ಕೆರೆ ಮೀನು ತಂದರೆ ಅಮ್ಮ, "ನಂಗೆ ಬ್ಯಾಡ ಕಣಪ್ಪ, ಮುಳ್ಳು ಬಿಡಿಸಕ್ಕಾಗಲ್ಲ, ಹಲ್ಲು ಸರಿಯಿಲ್ಲ," ಅಂದಳು. ಬಾಡು ತಿನ್ನುತ್ತಾಳೆ, ಮೂಳೆ ಚೀಪುತ್ತಾಳೆ. ಮೀನು ಮಾತ್ರ ಆವತ್ತಿನಿಂದ ಮುಟ್ಟಿಲ್ಲ. ವಯಸ್ಸಾಯಿತಲ್ಲ ಅಂದುಕೊಂಡಿದ್ದೆ.

ಹೋದ ಭಾನುವಾರ ಏಳು ವಡೆ ತಟ್ಟಿ ಹೆಂಚಿನ ಮೇಲಿಟ್ಟೆ. ಈಗಲೂ ಕೈ ಏಳಕ್ಕೇ ನಿಲ್ಲುತ್ತದೆ. ಸಬ್ಬಸಿಗೆ ಘಮ್ಮೆಂದಿತು. ಸಿರಿ ಕೆಂಪಗಾದ ಒಂದನ್ನು ಎತ್ತಿಕೊಂಡು, ಉಫ್ ಉಫ್ ಅಂತ ಊದುತ್ತಾ, ಗೋಡೆಗೆ ಒರಗಿ ಕೂತಿದ್ದ ಅಜ್ಜಿಯ ಹತ್ತಿರ ಓಡಿದಳು.

"ಅಜ್ಜಿ, ನೀನೂ ತಿನ್ನು. ಇದ್ರಲ್ಲಿ ಮುಳ್ಳೇ ಇಲ್ಲ."

"ನಂಗೊತ್ತು ಕಣವ್ವ. ನೀನು ನಿಮ್ಮಮ್ಮನ ಹೊಟ್ಟೇಲಿದ್ದಾಗ ದಿನಾ ತಿಂದಿದೀನಿ."

ಮಗುಚುತ್ತಿದ್ದ ವಡೆಯನ್ನು ಹೆಂಚಿನ ಮೇಲೇ ಬಿಟ್ಟು ತಿರುಗಿದೆ. ಪುಷ್ಪ ಬಾಗಿಲಲ್ಲಿ ನಿಂತುಬಿಟ್ಟಳು.

"ಅಮ್ಮ... ನಿಂಗೆ ಗೊತ್ತಿತ್ತಾ?"

"ಏನ್ಲಾ ಹಿಂಗ್ ಕೇಳ್ತೀಯ? ಅರವತ್ತು ವರ್ಷ ಮೀನು ತಿಂದೋಳಿಗೆ ಮೂಗಿಲ್ವಾ? ಮೊದಲ್ನೇ ದಿನ ಮುಚ್ಚಳ ತೆಗೆದಾಗ್ಲೇ ಗೊತ್ತಾಯ್ತು. ನಿನ್ ಬ್ಯಾಗಲ್ಲಿ ಮಾರನೇ ದಿನಕ್ಕೆ ಅಂತ ಇಟ್ಟಿದ್ದ ಮೀನಿನ ಡಬ್ಬೀನೂ ಇತ್ತು."

"ಮತ್ತೆ ಯಾಕೆ ತಿಂದೆ? ಹರಕೆ ಹೊತ್ತು, ಶನಿವಾರ ಒಪ್ಪತ್ತಲ್ಲಿ..."

ಅಮ್ಮ ಸಿರಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಡಬ್ಬಿ ಮೀನು. ಯಾವತ್ತು ತುಂಬಿದ್ರೋ, ಎಲ್ಲಿ ತುಂಬಿದ್ರೋ. ಆ ಹುಡ್ಗಿ ಒಂದು ಸಲ ಕಳ್ಕೊಂಡಿದ್ಲು. ಹೆಚ್ಚುಕಮ್ಮಿ ಆಗೋದಿದ್ರೆ ಮೊದ್ಲು ನಂಗಾಗ್ಲಿ ಅಂತ ತಿಂತಿದ್ದೆ. ದೀಪ ಹಚ್ಚೋತನಕ ಏನೂ ಆಗ್ಲಿಲ್ಲ ಅಂದ್ರೆ ಅವಳಿಗೆ ಕೊಡ್ತಿದ್ದೆ. ನೀನು ಒಂಟಿ ಚಪ್ಪಲೀಲಿ ಓಡ್ಬಂದ್ಯಲ್ಲ, ಅವತ್ತು ಮಾತ್ರ ಸ್ವಲ್ಪ ಹೆದರ್ಕೊಂಡೆ."

"ಹರಕೆ?"

"ತಿಮ್ಮಪ್ಪಂಗೆ ಹೇಳ್ಕೊಂಡೆ. ಹರಕೆ ಕೆಡಿಸಿದ್ದು ನಾನು, ಸೊಸೆ ಮೇಲೆ ಹಾಕ್ಬ್ಯಾಡ. ಮಗು ಕೈಗೆ ಕೊಡು, ಈ ಜನ್ಮಕ್ಕೆ ಮೀನು ಬಿಟ್ಟೆ ಅಂದೆ. ನಾನು ಬಿಟ್ಟೆ, ಅವನು ಕೊಟ್ಟ. ಅದಕ್ಯಾಕೆ ಮುಖ ಹಂಗ್ ಮಾಡ್ತೀಯ? ಹೆಂಚು ನೋಡು, ಸೀಯ್ತೈತೆ."

ನಾಲಿಗೆ ಚಪಲ ಅಂದುಕೊಂಡಿದ್ದೆನಲ್ಲ ಅಂತ ನಾಚಿಕೆಯಾಯಿತು. ಪುಷ್ಪ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ ಉರಿ ಸಣ್ಣ ಮಾಡಿದಳು.

ಸಿರಿಗೆ ಇದೊಂದೂ ಬೇಕಿರಲಿಲ್ಲ. "ಅಜ್ಜಿ, ಆರೋಯ್ತು," ಅಂದಳು. ಅಮ್ಮ ಅವಳ ಕೈಯಿಂದ ವಡೆ ಇಸಿದುಕೊಂಡು, ಒಂದು ತುಂಡು ಮುರಿದು, ಮೂಗಿನ ಹತ್ತಿರ ಹಿಡಿದು ನೋಡಿ, ಆಮೇಲೆ ಮೊಮ್ಮಗಳ ಬಾಯಿಗಿಟ್ಟಳು.

ಏಳನೆಯದು ತಟ್ಟೆಯಲ್ಲಿ ಉಳಿಯಿತು. ಅದನ್ನು ನಾನು ತಿಂದೆ.